ಮೊದಲ ಗಿಟಾರ್ ಆಂಪ್: ವಾಲ್ವಾ, ಚಿಪ್ಪಾ? ಕಟ್ಟಿದವರು ಅನುಭವ ಹೇಳಿ

ರಾಜಾಜಿನಗರ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ನಮಸ್ಕಾರ. ಮೂರ್ನಾಲ್ಕು ಪೆಡಲ್ ಕಟ್ಟಿದೀನಿ, ಸಾಲ್ಡರಿಂಗ್ ಬರುತ್ತೆ, ಆದರೆ ಒಳಗೆ 230 ವೋಲ್ಟ್ ಓಡೋ ಯಾವುದನ್ನೂ ಇದುವರೆಗೆ ಮುಟ್ಟಿಲ್ಲ. ಮೊದಲ ಆಂಪ್‌ಗೆ ಫೆಂಡರ್ ಕಂಪನಿಯ ಹಳೇ ಸಣ್ಣ ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಆದ 5ಎಫ್1 ಚಾಂಪ್ ಸರ್ಕ್ಯೂಟ್ ಕಟ್ಟಲಾ, ಎಲ್‌ಎಂ3886 ಅನ್ನೋ ಪವರ್ ಆಂಪ್ ಚಿಪ್ ಹಾಕಲಾ? ಬಜೆಟ್ 15,000 ರೂಪಾಯಿ. ಬಾಡಿಗೆ ಮನೆ, ಕೆಳಗಡೆ ಓನರ್ ಇದಾರೆ, ಜೋರು ಬೇಡ. ಟ್ರಾನ್ಸ್‌ಫಾರ್ಮರ್ ಬೆಂಗಳೂರಲ್ಲೇ ಸುತ್ತಿಸಬಹುದಾ?

ಗಿರಿನಗರ:
5ಎಫ್1 ಕಟ್ಟಿ, ಯೋಚನೆನೇ ಬೇಡ. ನನ್ನ ಲೆಕ್ಕ ಪೂರ್ತಿ ಕೊಡ್ತೀನಿ. ಮೇನ್ಸ್ ಟ್ರಾನ್ಸ್‌ಫಾರ್ಮರ್ (275-0-275 ವೋಲ್ಟ್ 80 ಮಿಲಿಆಂಪ್, 6.3 ವೋಲ್ಟ್ 2 ಆಂಪ್, 5 ವೋಲ್ಟ್ 2 ಆಂಪ್) 2,200. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ 1,600, ಅದು ಕೆಲಸಕ್ಕೆ ಬರಲಿಲ್ಲ, ಎರಡನೇದು 1,900. ವಾಲ್ವ್‌ಗಳಲ್ಲಿ ಪ್ರಿಆಂಪ್‌ನ 12ಎಎಕ್ಸ್7ಗೆ 2,100, ಪವರ್ ವಾಲ್ವ್ 6ವಿ6ಗೆ 3,000, ಎಸಿಯನ್ನ ಡಿಸಿ ಮಾಡೋ ರೆಕ್ಟಿಫೈಯರ್ 5ವೈ3ಗೆ 2,600. ಸಾಕೆಟ್, ಕ್ಯಾಪ್ (ಕೆಪಾಸಿಟರ್), ರೆಸಿಸ್ಟರ್, ಪಾಟ್, ಜಾಕ್ ಸೇರಿ 2,350. ಅಲ್ಯೂಮಿನಿಯಂ ಶೀಟ್ ಕಟ್ ಮಾಡಿಸಿ ಬಗ್ಗಿಸಿದ್ದು 1,200. 8 ಇಂಚು ಸ್ಪೀಕರ್ 2,800. ಪ್ಲೈವುಡ್ ಪೆಟ್ಟಿಗೆ 1,400. ಒಟ್ಟು 21,150.

ಆ 1,600 ಯಾಕೆ ಹಾಳಾಯ್ತು ಅನ್ನೋದೇ ಮುಖ್ಯ. ಇಲ್ಲಿ ಸುತ್ತೋರಿಗೆಲ್ಲ ಸ್ಟೆಬಿಲೈಸರ್, ಇನ್ವರ್ಟರ್ ಟ್ರಾನ್ಸ್‌ಫಾರ್ಮರ್ ಕೈಗೆ ಬಂದಿರುತ್ತೆ. ಅದರಲ್ಲಿ ಇ ಮತ್ತು ಐ ಆಕಾರದ ಕಬ್ಬಿಣದ ಪತ್ರೆಗಳನ್ನ ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ ಅಡ್ಡಾದಿಡ್ಡಿ ಪೇರಿಸ್ತಾರೆ. ಚಾಂಪ್ ಸಿಂಗಲ್ ಎಂಡೆಡ್, ಅಂದ್ರೆ ಪವರ್ ವಾಲ್ವ್ ಒಂದೇ. ಪ್ರೈಮರಿಯಲ್ಲಿ ಸದಾ 40 ಮಿಲಿಆಂಪ್ ಡಿಸಿ ಹರೀತಾ ಇರುತ್ತೆ. ಗ್ಯಾಪ್ ಇಲ್ಲದ ಕೋರ್ ಆ ಡಿಸಿಗೇ ತುಂಬಿಹೋಗುತ್ತೆ, ಆಮೇಲೆ ಗಿಟಾರ್‌ನ ದಪ್ಪ ಇ ತಂತಿ ಮೀಟಿದ್ರೆ ಡಬ್ಬಿ ಬಡಿದ ಸದ್ದು. ಸುತ್ತಿಸುವಾಗ ಬಾಯಲ್ಲಿ ಹೇಳಬೇಡಿ, ಚೀಟೀಲಿ ಬರೆದುಕೊಡಿ: "ಎಲ್ಲಾ ಇ ಒಂದೇ ಕಡೆ, ಎಲ್ಲಾ ಐ ಇನ್ನೊಂದು ಕಡೆ, ಮಧ್ಯ ತೆಳು ಪೇಪರ್." 5 ಕಿಲೋಓಮ್‌ನಿಂದ 8 ಓಮ್‌ಗೆ ಸುತ್ತಿನ ಅನುಪಾತ 25ಕ್ಕೆ 1. ಅಂಗಡೀಲೇ ಪರೀಕ್ಷೆ ಮಾಡಿ: ಪ್ರೈಮರಿಗೆ 12 ವೋಲ್ಟ್ ಎಸಿ ಕೊಟ್ರೆ ಸೆಕೆಂಡರಿಯಲ್ಲಿ 0.48 ವೋಲ್ಟ್ ಬರಬೇಕು. ಬರದಿದ್ರೆ ದುಡ್ಡು ಕೊಡಬೇಡಿ.

ಮತ್ತೀಕೆರೆ:
5 ವ್ಯಾಟ್‌ಗೆ 21,150 ರೂಪಾಯಿ! ಪ್ರಶ್ನೆ ಕೇಳಿದವರ ಬಜೆಟ್ ಓದಿದ್ರಾ ಸ್ವಾಮಿ?

ನನ್ನ ಎಲ್‌ಎಂ3886 ಆಂಪ್ ಸ್ಪೀಕರ್ ಬಿಟ್ಟು 4,300ಕ್ಕೆ ಮುಗೀತು. 18-0-18 ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, ಒಂದೊಂದು ಕಡೆ 4,700 ಮೈಕ್ರೋಫ್ಯಾರಡ್ 50 ವೋಲ್ಟ್. ಪ್ಲಸ್-ಮೈನಸ್ 25 ವೋಲ್ಟ್ ಸಿಗುತ್ತೆ. ಮೊದಲ ಸಲ ಕಟ್ಟೋರು ಎಡವೋದು ಮೂರು ಕಡೆ. ಒಂದು, 8ನೇ ಪಿನ್ ಮ್ಯೂಟ್. ಅದನ್ನ ಖಾಲಿ ಬಿಟ್ರೆ ಚಿಪ್ ಬಾಯೇ ಬಿಡಲ್ಲ. ಅದರಿಂದ ಅರ್ಧ ಮಿಲಿಆಂಪ್‌ಗಿಂತ ಹೆಚ್ಚು ಎಳೀಬೇಕು, ಮೈನಸ್ ರೈಲಿಗೆ (ಮೈನಸ್ ಸಪ್ಲೈ ಲೈನಿಗೆ) 22 ಕಿಲೋಓಮ್ ಹಾಕಿದ್ರೆ ಒಂದು ಮಿಲಿಆಂಪ್ ಆಗುತ್ತೆ, ಸಾಕು. ಎರಡು, ಗೇನ್ 10ಕ್ಕಿಂತ ಕಮ್ಮಿ ಇಟ್ರೆ ಚಿಪ್ ಆಸಿಲೇಟ್ ಆಗುತ್ತೆ, ಅಂದ್ರೆ ತಾನೇ ಕಂಪಿಸೋಕೆ ಶುರು ಮಾಡುತ್ತೆ. ಕಿವಿಗೆ ಏನೂ ಕೇಳಲ್ಲ, ಹೀಟ್‌ಸಿಂಕ್ ಮಾತ್ರ ಸುಮ್ಮಸುಮ್ಮನೆ ಕಾಯುತ್ತೆ. ಮೂರು, ಟಿ ಅಂತ ಕೊನೆಯಾಗೋ ಚಿಪ್‌ನ ಲೋಹದ ಬೆನ್ನು ಮೈನಸ್ ರೈಲಿಗೇ ಸೇರಿದೆ. ಮೈಕಾ ಮತ್ತು ಪ್ಲಾಸ್ಟಿಕ್ ಬುಶ್ ಇಲ್ಲದೆ ಷಾಸಿಗೆ (ಆಂಪ್‌ನ ಲೋಹದ ಚೌಕಟ್ಟಿಗೆ) ಬಿಗಿದ್ರೆ ನೇರ ಶಾರ್ಟ್. ಟಿಎಫ್ ಇದ್ರೆ ಮೈ ಪೂರ್ತಿ ಪ್ಲಾಸ್ಟಿಕ್, ಆ ತಲೆನೋವಿಲ್ಲ.

ಮುಂದುಗಡೆ ಟಿಎಲ್072 ಪ್ರಿಆಂಪ್ ಚಿಪ್, ಇನ್‌ಪುಟ್‌ಗೆ 1 ಮೆಗಾಓಮ್. ಟೋನ್ ಸ್ಟ್ಯಾಕ್ (ಬಾಸ್-ಟ್ರೆಬಲ್ ಹೊಂದಿಸೋ ಸರ್ಕ್ಯೂಟ್) ಹಾಕದೆ ನೇರ ಚಿಪ್‌ಗೆ ಕೊಟ್ಟು "ಚಿಪ್ಪಿಗೆ ಜೀವ ಇಲ್ಲ" ಅನ್ನೋರೇ ಜಾಸ್ತಿ.

ಗಿರಿನಗರ:
ಟೋನ್ ಸ್ಟ್ಯಾಕ್ ಹಾಕಿದ್ರೂ ಜೀವ ಇಲ್ಲ ಸರ್. 6ವಿ6 ಒತ್ತಡಕ್ಕೆ ಬಿದ್ದಾಗ ಸಪ್ಲೈ ಸ್ವಲ್ಪ ಕುಸಿಯುತ್ತಲ್ಲ, ಬೆರಳಿಗೆ ಗೊತ್ತಾಗೋದು ಅದು. ಇನ್ನೊಂದು, ಡೂಪ್ಲಿಕೇಟ್ ಚಿಪ್ ವಿಷಯ ಯಾಕೆ ನುಂಗಿದ್ರಿ?

ಮತ್ತೀಕೆರೆ:
ನುಂಗಿಲ್ಲ. ಮೂರು ತಗೊಂಡೆ, ಎರಡು ಸತ್ತವು, ಆ ಎರಡರ 640 ರೂಪಾಯಿ 4,300ರಲ್ಲೇ ಇದೆ. ಅದಕ್ಕೇ ಹೇಳೋದು: ಸ್ಪೀಕರ್ ಜೋಡಿಸೋ ಮುಂಚೆ ಔಟ್‌ಪುಟ್‌ನಲ್ಲಿ ಡಿಸಿ ಅಳೀರಿ. ಕೆಲವು ಮಿಲಿವೋಲ್ಟ್ ಇರಬೇಕು. 50 ದಾಟಿದ್ರೆ ಸ್ಪೀಕರ್ ಹಾಕಬೇಡಿ. ಇಪ್ಪತ್ತು ವೋಲ್ಟ್ ಬಂದ್ರೆ ಚಿಪ್ ಎಸೀರಿ.

ಜಾಲಹಳ್ಳಿ:
ಇಬ್ರೂ ಹೊರಗಿನ ಮಾಲಿನ ಮೇಲೇ ನಿಂತಿದೀರಿ. ಇದು ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇರೋ ಊರು. 1954ರಲ್ಲಿ ಶುರುವಾದ ಕಾರ್ಖಾನೆ, ರೇಡಿಯೋ ವಾಲ್ವ್‌ಗಳನ್ನ ಇಲ್ಲೇ ಮಾಡ್ತಿದ್ರು. ಬಿಇಎಲ್ ಛಾಪಿನ ಇಎಲ್84 ಪವರ್ ವಾಲ್ವ್ ಇವತ್ತಿಗೂ ಹಳೇ ರೇಡಿಯೋಗಳಲ್ಲಿ ಸಿಗುತ್ತೆ. ಅಂಥ ಒಂದು ಷಾಸಿ ಸಿಕ್ಕಿದ್ರೆ ಮೇನ್ಸ್ ಟ್ರಾನ್ಸ್‌ಫಾರ್ಮರ್, ಗ್ಯಾಪ್ ಸರಿಯಾಗಿರೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸಾಕೆಟ್ ಎಲ್ಲಾ ಒಟ್ಟಿಗೇ ಬಂತು. ಪ್ಲೇಟ್ 250 ವೋಲ್ಟ್, ಕ್ಯಾಥೋಡ್‌ಗೆ 135 ಓಮ್, ಲೋಡ್ 5.2 ಕಿಲೋಓಮ್. ಹೀಟರ್ ಒಂದೇ 0.76 ಆಂಪ್ ತಿನ್ನುತ್ತೆ, ಮರೀಬೇಡಿ.

ಹಳೇ ಷಾಸಿಗೆ ಕರೆಂಟ್ ಕೊಡೋ ಮುಂಚೆ ಕಪ್ಲಿಂಗ್ ಕ್ಯಾಪ್ (ಸಿಗ್ನಲ್ ಮುಂದಕ್ಕೆ ಬಿಟ್ಟು ಡಿಸಿ ತಡೆಯೋದು) ಬದಲಾಯಿಸಿ. ಆ ಮೇಣದ ಪೇಪರ್ ಕ್ಯಾಪ್‌ಗಳು ಎಲ್ಲಾ ಸೋರುತ್ತವೆ. ಸೋರಿದ್ರೆ ಹಿಂದಿನ ಪ್ಲೇಟ್‌ನ ಡಿಸಿ ಇಎಲ್84ರ ಗ್ರಿಡ್‌ಗೆ ಬರುತ್ತೆ, ವಾಲ್ವ್ ಮಿತಿಮೀರಿ ಎಳೆಯುತ್ತೆ, ಕತ್ತಲಲ್ಲಿ ನೋಡಿದ್ರೆ ಬೂದು ಪ್ಲೇಟ್‌ನ ನಡುವೆ ಕೆಂಡದ ಬಣ್ಣ ಹತ್ತುತ್ತಾ ಹೋಗುತ್ತೆ. ಅಷ್ಟು ಹೊತ್ತಿಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಕಾಯ್ತಾ ಇರುತ್ತೆ. 0.022 ಮೈಕ್ರೋಫ್ಯಾರಡ್ 630 ವೋಲ್ಟ್ ಪಾಲಿಪ್ರೊಪಿಲಿನ್ ಹಾಕಿ, ಗ್ರಿಡ್‌ನಲ್ಲಿ ಡಿಸಿ ಸೊನ್ನೆ ಇದೆಯಾ ನೋಡಿ.

ಒಂದು ಎಚ್ಚರಿಕೆ. ವಾಲ್ವ್ ಹೆಸರು ಯು ಅಕ್ಷರದಿಂದ ಶುರುವಾದ್ರೆ, ಅಂದ್ರೆ ಯುಎಲ್84, ಯುವೈ85, ಯುಸಿಎಚ್81 ಇದ್ರೆ, ಅದು ಎಸಿ-ಡಿಸಿ ಸೆಟ್. ಅದರಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇಲ್ಲ, ಷಾಸಿ ನೇರ ಕರೆಂಟ್ ಲೈನಿಗೆ ಸೇರಿರುತ್ತೆ. ಅದಕ್ಕೆ ಗಿಟಾರ್ ಜಾಕ್ ಹಾಕಿದ್ರೆ ತಂತೀಲಿ 230 ವೋಲ್ಟ್.

ಗಿರಿನಗರ:
ಕೆಲಸ ಮಾಡೋ ರೇಡಿಯೋ ಬಿಚ್ಚಿ ವಾಲ್ವ್ ಕೀಳೋದನ್ನ ಸಲಹೆ ಅಂತೀರಾ? ನಿಮ್ಮಂಥವರು ಕಿತ್ತು ಕಿತ್ತು ಮಾರಿದ್ದಕ್ಕೇ ಇವತ್ತು ರಿಪೇರಿಗೆ ಒಂದು ಒಳ್ಳೆ ಇಎಲ್84 ಸಿಗಲ್ಲ.

ಜಾಲಹಳ್ಳಿ:
"ನಿಮ್ಮಂಥವರು" ಅಂತ ಬರೀಬೇಡಿ. ನಾನು ಹೇಳಿದ್ದು ಗುಜರಿಗೆ ಬಿದ್ದ ಷಾಸಿ ಬಗ್ಗೆ. ಪೆಟ್ಟಿಗೆ ಗೆದ್ದಲು ತಿಂದು, ಡಯಲ್ ಗಾಜು ಒಡೆದು, ಐಎಫ್ ಕಾಯಿಲ್ ಕಿತ್ತುಹೋದ ಸೆಟ್‌ಗಳು. ಒಂದನ್ನೂ ಮಾರಿಲ್ಲ.

ಆರ್.ಟಿ. ನಗರ:
ಜಗಳ ಆಮೇಲೆ ಆಡಿ. ವಾಲ್ವ್ ಕಟ್ಟಿದ್ರೂ ಚಿಪ್ ಕಟ್ಟಿದ್ರೂ ಹಮ್ (ಸ್ಪೀಕರ್‌ನಲ್ಲಿ ಗುಂಯ್ ಅನ್ನೋ ಸದ್ದು) ಬಂದೇ ಬರುತ್ತೆ. ನನ್ನ 5ಎಫ್1ಗೆ ಎರಡು ತಿಂಗಳು ಹಮ್ ಇತ್ತು. ಫಿಲ್ಟರ್ ಕ್ಯಾಪ್ ಎರಡು ಸಲ ಬದಲಾಯಿಸಿದೆ (380 ರೂಪಾಯಿ), ಶೀಲ್ಡೆಡ್ ವೈರ್ ಹಾಕಿದೆ (220), 12ಎಎಕ್ಸ್7 ಇನ್ನೊಂದು ತಂದೆ (2,100). ಕೊನೆಗೆ ಮೂರು ಪಿನ್ ಪ್ಲಗ್‌ನಿಂದ ಅರ್ತ್ ವೈರ್ ಬಿಚ್ಚಿದ ಕೂಡಲೇ ಮುಕ್ಕಾಲು ಹಮ್ ಹೋಯ್ತು. ಅರ್ತ್ ತೆಗೆದು ನೋಡಿ.

ಬಸವನಗುಡಿ:
ಇದನ್ನ ಓದಿ ಸುಮ್ಮನಿರೋಕೆ ಆಗಲ್ಲ. ಪ್ರಶ್ನೆ ಕೇಳಿದವರೇ, ಈ ಸಲಹೆ ಮಾತ್ರ ಯಾವ ಕಾರಣಕ್ಕೂ ಪಾಲಿಸಬೇಡಿ. ಗಿಟಾರ್ ತಂತಿ ಬ್ರಿಡ್ಜ್‌ಗೆ, ಬ್ರಿಡ್ಜ್ ಜಾಕ್‌ನ ಗ್ರೌಂಡ್‌ಗೆ, ಅದು ಆಂಪ್ ಷಾಸಿಗೆ ಸೇರಿದೆ. ನುಡಿಸುವಾಗ ನೀವು ಎರಡೂ ಕೈಲಿ ಷಾಸಿನೇ ಹಿಡ್ಕೊಂಡಿರ್ತೀರಿ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇನ್ಸುಲೇಷನ್ ಒಂದು ಕಡೆ ಸುಟ್ರೂ ಪೂರ್ತಿ 230 ವೋಲ್ಟ್ ತಂತಿಗೆ ಬರುತ್ತೆ. ಅರ್ತ್ ಇದ್ರೆ ಫ್ಯೂಸ್ ಹೋಗುತ್ತೆ. ಇಲ್ಲದಿದ್ರೆ ಜೀವ ಹೋಗುತ್ತೆ. ಲೋಕಲ್ ವೈಂಡಿಂಗ್ ಟ್ರಾನ್ಸ್‌ಫಾರ್ಮರ್ ಹಾಕಿ ಅರ್ತ್ ಬಿಚ್ಚೋದು ಅಂದ್ರೆ ಏನು ಧೈರ್ಯ ಅದು?

ಹಮ್ ಅನ್ನ ಕಿವಿಯಿಂದ ಬೇರ್ಪಡಿಸೋದು ಕಲೀರಿ. ಗಡಸಾಗಿ, ಸ್ವಲ್ಪ ಜುಂಯ್ ಅನ್ನೋ 100 ಹರ್ಟ್ಜ್ ಬಂದ್ರೆ ಫಿಲ್ಟರ್ ಕಮ್ಮಿ. ಆಳವಾಗಿ ಗುಂಯ್ ಅನ್ನೋ 50 ಹರ್ಟ್ಜ್ ಬಂದ್ರೆ ಹೀಟರ್, ಗ್ರೌಂಡ್ ಅಥವಾ ಮನೆ ವೈರಿಂಗ್. ಹೀಟರ್ ವೈಂಡಿಂಗ್‌ಗೆ ಸೆಂಟರ್ ಟ್ಯಾಪ್ ಇಲ್ಲದಿದ್ರೆ ಎರಡೂ ತುದಿಯಿಂದ 100 ಓಮ್ ಅರ್ಧ ವ್ಯಾಟ್ ಒಂದೊಂದು ಗ್ರೌಂಡ್‌ಗೆ ಹಾಕಿ. ಹೀಟರ್ ಜೋಡಿ ವೈರ್ ಬಿಗಿಯಾಗಿ ಹುರಿ ಮಾಡಿ ಷಾಸಿ ಮೂಲೇಲಿ ಒಯ್ಯಿರಿ, ಗ್ರಿಡ್ ವೈರ್ ಜೊತೆ ಓಡಿಸಬೇಡಿ. ಹೈ ವೋಲ್ಟೇಜ್ ಸೆಂಟರ್ ಟ್ಯಾಪ್ ನೇರ ಮೊದಲ ಕ್ಯಾಪ್‌ನ ಮೈನಸ್‌ಗೆ ಹೋಗಬೇಕು, ಅಲ್ಲಿಂದ ಒಂದೇ ಜಾಗದಲ್ಲಿ ಷಾಸಿಗೆ. ಆ ಟ್ಯಾಪನ್ನ ಇನ್‌ಪುಟ್ ಜಾಕ್ ಹತ್ರ ಗ್ರೌಂಡ್ ಮಾಡಿದ್ರೆ ಚಾರ್ಜಿಂಗ್ ಕರೆಂಟ್ ಪೂರ್ತಿ ಪ್ರಿಆಂಪ್ ಕೆಳಗೇ ಓಡುತ್ತೆ.

ಆರ್.ಟಿ. ನಗರದವರೇ, ಪ್ಲಗ್ ಪಾಯಿಂಟ್‌ನಲ್ಲಿ ಮೀಟರ್ ಇಟ್ಟು ನ್ಯೂಟ್ರಲ್-ಅರ್ತ್ ನಡುವೆ ಎಷ್ಟಿದೆ ಹೇಳಿ.

ಆರ್.ಟಿ. ನಗರ:
ಪಾಠ ಬೇಕಿರಲಿಲ್ಲ, ಆದರೂ ಅಳೆದೆ. 38 ವೋಲ್ಟ್.

ಬಸವನಗುಡಿ:
ಎರಡು-ಮೂರು ವೋಲ್ಟ್ ಇರಬೇಕಿತ್ತು. ನಿಮ್ಮ ಮನೆಯ ಅರ್ತ್ ವೈರಿಗೆ ಫ್ರಿಜ್, ಗೀಸರ್, ವಾಷಿಂಗ್ ಮೆಷಿನ್ ಎಲ್ಲಾ ಸೇರಿವೆ, ಭೂಮಿ ಒಂದು ಬಿಟ್ಟು. ಅವುಗಳ ಸೋರಿಕೆ ನಿಮ್ಮ ಷಾಸಿಗೆ ಬರ್ತಿದೆ. ಬಿಚ್ಚಿದಾಗ ಹಮ್ ಕಮ್ಮಿ ಆಗಿದ್ದು ಅದಕ್ಕೇ. ರಿಪೇರಿ ಆಗಬೇಕಿರೋದು ಅರ್ತ್ ಗುಂಡಿ. ಎಲೆಕ್ಟ್ರಿಷಿಯನ್ ಕರೆಸಿ, ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಲೈನ್ ಕಡಿಯೋ ಸ್ವಿಚ್) ಹಾಕಿಸಿ.

ಮತ್ತೀಕೆರೆ:
ಇಷ್ಟೆಲ್ಲಾ ಅಪಾಯ ಇರೋದು 340 ವೋಲ್ಟ್ ವಾಲ್ವ್ ಆಂಪ್‌ಗೇ ಅಲ್ವಾ? ನನ್ನದರಲ್ಲಿ 25 ವೋಲ್ಟ್.

ಬಸವನಗುಡಿ:
ನಿಮ್ಮ ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ಕಡೆ ಇರೋದೂ ಅದೇ 230 ವೋಲ್ಟ್. ಚಿಪ್ ಆಂಪ್‌ಗೂ ಅರ್ತ್ ಬೇಕೇ ಬೇಕು.

ಗಿರಿನಗರ:
ವೋಲ್ಟೇಜ್ ಮಾತು ಬಂತಲ್ಲ, 300-0-300 ಸುತ್ತಿಸಿ 5ವೈ3 ಬದಲು 1ಎನ್4007 ಡಯೋಡ್ ಹಾಕೋರಿಗೆ ಒಂದು ಲೆಕ್ಕ. 300ರ ಪೀಕ್ 424 ವೋಲ್ಟ್. ರಾತ್ರಿ ಹೊತ್ತು ಲೈನ್ 250ಕ್ಕೆ ಏರಿದ್ರೆ 461. ಡಯೋಡ್ ತಕ್ಷಣ ವೋಲ್ಟೇಜ್ ಕೊಡುತ್ತೆ, ವಾಲ್ವ್ ಬಿಸಿಯಾಗಿ ಎಳೆಯೋಕೆ ಹತ್ತು-ಹದಿನೈದು ಸೆಕೆಂಡ್ ಬೇಕು, ಅಷ್ಟು ಹೊತ್ತು 450 ವೋಲ್ಟ್ ಕ್ಯಾಪ್ ಮೇಲೆ 461. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡ್‌ನಲ್ಲಿ 40 ರೂಪಾಯಿಗೆ ಸಿಕ್ಕಿದ ಹಳೇ ಸ್ಟಾಕ್ ಕ್ಯಾಪ್ ಅದನ್ನ ತಡೆಯಲ್ಲ, ನನ್ನದರಲ್ಲಿ ತಲೆ ಬಿರಿದು ಒಳಗಿನ ಕಾಗದ ಷಾಸಿ ತುಂಬಾ ಹರಡಿತ್ತು.

ಜಾಲಹಳ್ಳಿ:
ಎಸ್.ಪಿ. ರೋಡ್‌ನ ಬೈಯಬೇಡಿ. ಹಳೇ ಸ್ಟಾಕ್ ಅಂತ ಗೊತ್ತಿದ್ರೆ 100 ಕಿಲೋಓಮ್ ಸೀರೀಸ್ ಹಾಕಿ ನಿಧಾನಕ್ಕೆ ವೋಲ್ಟೇಜ್ ಏರಿಸಿ ಫಾರ್ಮ್ ಮಾಡ್ಕೋಬೇಕು. ಆಮೇಲೂ ಸೋರಿಕೆ ಇಳೀದಿದ್ರೆ ಎಸೀಬೇಕು. ನೇರ ಹಾಕಿದ್ದು ನೀವು.

ರಾಜಾಜಿನಗರ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ಧನ್ಯವಾದ. ನಾನು ಜೋರು ಬೇಡ ಅಂದಿದ್ದೆ. 5 ವ್ಯಾಟ್ ಮನೆಗೆ ಜೋರಾಗುತ್ತಾ? ಮೊದಲ ಸಲ ಆನ್ ಮಾಡೋದು ಹೇಗೆ?

ಬಸವನಗುಡಿ:
ಜೋರೇ. 95 ಡೆಸಿಬೆಲ್ ಸ್ಪೀಕರ್‌ಗೆ 5 ವ್ಯಾಟ್ ಕೊಟ್ರೆ ಒಂದು ಮೀಟರ್‌ನಲ್ಲಿ 102 ಡೆಸಿಬೆಲ್, ಓನರ್ ಮೇಲೆ ಬರ್ತಾರೆ. ಅರ್ಧ ವ್ಯಾಟ್ ಕೊಟ್ರೂ 92. ನಿಮ್ಮ ಬಜೆಟ್‌ಗೆ, ನಿಮ್ಮ ಮನೆಗೆ 9 ವೋಲ್ಟ್‌ನಲ್ಲಿ ಓಡೋ ಎಲ್‌ಎಂ386 ಅನ್ನೋ ಸಣ್ಣ ಚಿಪ್‌ನ ಆಂಪ್ ಮೊದಲು ಕಟ್ಟಿ. ಔಟ್‌ಪುಟ್‌ಗೆ 10 ಓಮ್ ಮತ್ತು 0.047 ಮೈಕ್ರೋಫ್ಯಾರಡ್ ಸೀರೀಸ್ ಆಗಿ ಗ್ರೌಂಡ್‌ಗೆ ಹಾಕೋದು ಮರೆತ್ರೆ ಸಿಳ್ಳೆ ಹೊಡೆಯುತ್ತೆ.

ಮುಂದೆ ಚಾಂಪ್ ಕಟ್ಟಿದಾಗ: ಲೈವ್ ಲೈನಿಗೆ 60 ವ್ಯಾಟ್ ಫಿಲಮೆಂಟ್ ಬಲ್ಬ್ ಸೀರೀಸ್ ಹಾಕಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರಲ್ಲ. ವಾಲ್ವ್ ಹಾಕದೆ ಆನ್ ಮಾಡಿ. ಬಲ್ಬ್ ಒಮ್ಮೆ ಮಿನುಗಿ ಆರಿದ ಹಾಗಾದ್ರೆ ಸರಿ, ಬೆಳಗುತ್ತಲೇ ಇದ್ರೆ ಎಲ್ಲೋ ಶಾರ್ಟ್. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೇ ಕಿಡಿ ಹಾರುತ್ತೆ. ಕಿರುಚೋ ಸದ್ದು ಬಂದ್ರೆ ಫೀಡ್‌ಬ್ಯಾಕ್ ಉಲ್ಟಾ ಆಗಿದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪ್ರೈಮರಿಯ ಎರಡು ವೈರ್ ಅದಲು ಬದಲು ಮಾಡಿ. 6ವಿ6ರ 470 ಓಮ್ ಕ್ಯಾಥೋಡ್ ರೆಸಿಸ್ಟರ್ ಮೇಲೆ 20 ವೋಲ್ಟ್ ಬಂದ್ರೆ 42 ಮಿಲಿಆಂಪ್. ಕ್ಯಾಥೋಡ್‌ನಿಂದ ಪ್ಲೇಟ್‌ಗೆ 320 ಇದ್ರೆ, ಸ್ಕ್ರೀನ್ ಪಾಲು ಕಳೆದು 13 ವ್ಯಾಟ್ ಹತ್ರ. 14 ವ್ಯಾಟ್ ರೇಟಿಂಗ್‌ನ 6ವಿ6ಗೆ ಸರಿ, 12 ವ್ಯಾಟ್ ರೇಟಿಂಗ್‌ನ ಹಳೇದಕ್ಕೆ ಹೆಚ್ಚು, 560 ಓಮ್ ಹಾಕಿ. ಮೊದಲ ಕ್ಯಾಪ್‌ಗೆ ಅಡ್ಡವಾಗಿ 220 ಕಿಲೋಓಮ್ 2 ವ್ಯಾಟ್ ಬ್ಲೀಡರ್ (ಉಳಿದ ಚಾರ್ಜ್ ಇಳಿಸೋ ರೆಸಿಸ್ಟರ್) ಇರಲಿ. ಆಫ್ ಮಾಡಿ ಒಂದು ನಿಮಿಷ ಬಿಟ್ಟು, ಮೀಟರ್‌ನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ.

ಮತ್ತೀಕೆರೆ:
ಎಲ್‌ಎಂ386ಗಿಂತ ಟಿಡಿಎ2030 ವಾಸಿ.

ಗಿರಿನಗರ:
ಶುರುವಾಯ್ತು.

ಆರ್.ಟಿ. ನಗರ:
ಎಲೆಕ್ಟ್ರಿಷಿಯನ್ ಬಂದಿದ್ರು. ಅರ್ತ್ ವೈರ್ ಮೀಟರ್ ಬೋರ್ಡ್ ಹತ್ರ ತುಕ್ಕು ಹಿಡಿದು ಕಡಿದುಹೋಗಿತ್ತು. ಹೊಸ ರಾಡ್, ವೈರ್, ಆರ್‌ಸಿಸಿಬಿ, ಕೂಲಿ ಸೇರಿ 6,800. ಈಗ ನ್ಯೂಟ್ರಲ್-ಅರ್ತ್ 1.4 ವೋಲ್ಟ್. ಪ್ಲಗ್‌ಗೆ ಅರ್ತ್ ವಾಪಸ್ ಹಾಕಿದೀನಿ, ಆ ಗುಂಯ್ ಪೂರ್ತಿ ಹೋಗಿದೆ. ವಾಲ್ಯೂಮ್ ಸೊನ್ನೇಲೂ ಸಣ್ಣ ಜುಂಯ್ ಮಾತ್ರ ಉಳಿದಿದೆ.

ಬಸವನಗುಡಿ:
ಅದು 100 ಹರ್ಟ್ಜ್. 5ವೈ3 ನಂತರದ ಮೊದಲ ಕ್ಯಾಪ್‌ನ 22 ಮೈಕ್ರೋಫ್ಯಾರಡ್‌ಗಿಂತ ಏರಿಸಬೇಡಿ, ಸ್ವಿಚ್ ಆನ್ ಆದಾಗಿನ ಹೊಡೆತಕ್ಕೆ ರೆಕ್ಟಿಫೈಯರ್ ವಾಲ್ವ್ ಹಾಳಾಗುತ್ತೆ. 10 ಕಿಲೋಓಮ್ ಆದ ಮೇಲೆ 8 ಮೈಕ್ರೋಫ್ಯಾರಡ್ ಇದೆಯಲ್ಲ, ಅದನ್ನ 22 ಮಾಡಿ ನೋಡಿ.