ಅಪ್‌ಡೇಟ್: ನೋ ಮ್ಯಾನ್ಸ್ ಸ್ಕೈ ಸ್ಪೇಸ್ ಗೇಮ್‌ನಲ್ಲಿ ಕೊನೆಗೂ ಒಳ್ಳೆ ಶಿಪ್ ಸಿಕ್ತು

ಯೂನಿಟ್ಸ್ (ಗೇಮ್ ಒಳಗಿನ ದುಡ್ಡು) ಇಲ್ದೆ ಒಳ್ಳೆ ಶಿಪ್ ಹೇಗೆ ತಗೊಳ್ಳೋದು ಅಂತ ಹೋದ ವಾರ ಕೇಳಿದ್ನಲ್ಲ, ಅದರ ಅಪ್‌ಡೇಟ್ ಇದು. ನೀವು ಹೇಳ್ದಂಗೆ ಮೊದ್ಲು ಕ್ರ್ಯಾಶ್ ಆಗಿರೋ ಶಿಪ್ ಹಿಂದೆ ಬಿದ್ದೆ, ಸ್ಪೇಸ್ ಸ್ಟೇಷನ್‌ನಲ್ಲಿ ಮ್ಯಾಪ್ ಕೊಡೋ ಕಾರ್ಟೋಗ್ರಾಫರ್‌ಗೆ ನ್ಯಾವಿಗೇಷನ್ ಡೇಟಾ (ಆಡ್ತಾ ಸಿಗೋ ಐಟಂ) ಕೊಟ್ಟು ಮ್ಯಾಪ್ ತಗೊಂಡು ಹೋದ್ರೆ ಶಿಪ್ ಏನೋ ಫ್ರೀ, ಆದ್ರೆ ಶಿಪ್‌ನಲ್ಲಿ ಒಡೆದಿರೋ ಸ್ಲಾಟ್ (ಸಾಮಾನು ಇಡೋ ಜಾಗ) ಒಂದೊಂದೇ ರಿಪೇರಿ ಮಾಡೋಷ್ಟರಲ್ಲಿ ಸಾಕಾಗೋಯ್ತು. ಅದಕ್ಕೆ ಪೂರ್ತಿ ರಿಪೇರಿ ಮಾಡೋದು ಬಿಟ್ಟು ಹಾರೋ ಮಟ್ಟಕ್ಕೆ ತಂದು ಸ್ಟೇಷನ್‌ಗೆ ಒಯ್ದು ಸ್ಕ್ರ್ಯಾಪ್ ಮಾಡ್ದೆ, ಯೂನಿಟ್ಸ್ ಚೆನ್ನಾಗೇ ಬಂತು.

ಆಮೇಲೆ ಸೆಂಟಿನೆಲ್ ಇಂಟರ್‌ಸೆಪ್ಟರ್, ಅಂದ್ರೆ ಗ್ರಹ ಕಾಯೋ ಸೆಂಟಿನೆಲ್ ರೋಬೋಟ್‌ಗಳ ಶಿಪ್! ಗೇಮ್‌ನ 2023ರ ಅಪ್‌ಡೇಟ್‌ನಲ್ಲಿ ಬಂದಿದ್ದು, ದುಡ್ಡೇ ಬೇಡ, ರಿಪೇರಿಗೆ ಬೇಕಾದ್ದು ಅದು ಬಿದ್ದಿರೋ ಗ್ರಹದಲ್ಲೇ ಸಿಗುತ್ತೆ. ಈಗ ಅದನ್ನೇ ಓಡಿಸ್ತಿದೀನಿ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತೆ, ತುಂಬಾ ಖುಷಿಯಾಗಿದೆ. ಮೊದಲನೇ ಫ್ರೈಟರ್ (ದೊಡ್ಡ ಸರಕು ಶಿಪ್) ಕೂಡ ಪೈರೇಟ್ಸ್‌ನಿಂದ ಕಾಪಾಡಿದ್ದಕ್ಕೆ ಫ್ರೀಯಾಗೇ ಸಿಕ್ತು. ಲಿವಿಂಗ್ ಶಿಪ್ (ಜೀವ ಇರೋ ಶಿಪ್) ಸಿಗೋ ಮಿಷನ್ ಇನ್ನೂ ಬಾಕಿ ಇದೆ. ಹೇಳ್ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.