ಹೇಳಿದ್ದು ಒಂದು, ಟೇಬಲ್ಲಿಗೆ ಬಂದದ್ದು ಇನ್ನೊಂದು: ಹೋಟೆಲ್ ಹೊಣೆಯೇ? ವಕೀಲರ ಜೊತೆ ಪ್ರಶ್ನೋತ್ತರ

ವಕೀಲರು: ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಗ್ರಾಹಕರ ಕೇಸು ನಡೆಸುತ್ತೇನೆ. ಹೋದ ವಾರ ಈ ಗುಂಪಿನಲ್ಲಿ ಒಬ್ಬರು ಸಕ್ಕರೆ ಇಲ್ಲದ ಮೋಸಂಬಿ ಜ್ಯೂಸ್ ಹೇಳಿ, ಸಕ್ಕರೆ ಹಾಕಿದ್ದು ಕುಡಿದ ಸಂಗತಿ ಬರೆದಿದ್ದರು. ಅದಕ್ಕೇ ಅಡ್ಮಿನ್ ಇವತ್ತು ಈ ವಿಷಯ ಇಟ್ಟಿದ್ದಾರೆ. ಸಂಜೆ 5ರಿಂದ 7ರವರೆಗೆ ಇರುತ್ತೇನೆ. ಹೋಟೆಲಿನ ಹೆಸರು, ವೇಟರ್ ಹೆಸರು ಬರೆಯಬೇಡಿ. ಏನಾಯಿತು ಅಷ್ಟೇ ಬರೆಯಿರಿ.

ಸೂಪರ್ ಮಾರ್ಕೆಟ್ ಪ್ರದೇಶದ ಸದಸ್ಯ: ಮೇಡಂ, ಲಿಂಬು ಸೋಡಾ ಉಪ್ಪಿನದು ಹೇಳಿದ್ದೆ, ಸಿಹಿ ತಂದರು. ವಾಪಸ್ ಒಯ್ಯಲಿಲ್ಲ. ಗೋಡೆ ಮೇಲೆ 'ಒಮ್ಮೆ ಕೊಟ್ಟ ಆರ್ಡರ್ ಬದಲಾಯಿಸುವುದಿಲ್ಲ' ಅಂತ ಬೋರ್ಡ್ ತೋರಿಸಿದರು. ರೊಕ್ಕ ಕೊಡಬೇಕಾ?

ವಕೀಲರು: ನೀವು ಆರ್ಡರ್ ಮಾಡದ ಪಾನೀಯಕ್ಕೆ ರೊಕ್ಕ ಕೊಡಬೇಕಾಗಿಲ್ಲ. ಬದಲಿಸಿ ಕೊಡಬೇಕು, ಇಲ್ಲವೇ ಬಿಲ್ಲಿನಿಂದ ತೆಗೆಯಬೇಕು. ಆದರೆ ಒಂದು ಗುಟುಕು ಕುಡಿದು ರುಚಿ ಗೊತ್ತಾದ ಕೂಡಲೇ ಹೇಳಬೇಕು. ಗ್ಲಾಸ್ ಖಾಲಿ ಮಾಡಿ ಆಮೇಲೆ ತಕರಾರು ತೆಗೆದರೆ ನಿಲ್ಲುವುದಿಲ್ಲ. ಬೋರ್ಡ್ ಇರುವುದು ನೀವು ಮನಸ್ಸು ಬದಲಿಸಬಾರದು ಅಂತ. ಅವರ ತಪ್ಪಿಗೆ ಅದು ರಕ್ಷಣೆ ಅಲ್ಲ. ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ ಪಾರ್ಕಿಂಗ್‌ಗೆ ಕೀಲಿ ಕೊಟ್ಟ ಕಾರು ಕಳುವಾಗಿತ್ತು. ಟೋಕನ್ ಮೇಲೆ 'ಮಾಲೀಕರದೇ ಜವಾಬ್ದಾರಿ' ಅಂತ ಅಚ್ಚಾಗಿತ್ತು. ಸ್ವಂತ ನಿರ್ಲಕ್ಷ್ಯಕ್ಕೆ ಆ ಸಾಲು ಅಡ್ಡ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು.

ಜೇವರ್ಗಿ ಸದಸ್ಯ: ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕುತ್ತಾರೆ. ಕೇಸ್ ಆಗುತ್ತಾ?

ವಕೀಲರು: ಕೂತು ಊಟ ಮಾಡುವ ಹೋಟೆಲ್ ಹಾಕಬಹುದು, 2017ರ ಸುಪ್ರೀಂ ಕೋರ್ಟ್ ತೀರ್ಪಿದೆ. ಕಿರಾಣಿ ಅಂಗಡಿ ಹಾಕುವಂತಿಲ್ಲ.

ಸೇಡಂ ರಸ್ತೆಯ ಸದಸ್ಯೆ: ಮೇಡಂ, ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ಮನೆಯವರು ಕುಡಿತ ಬಿಟ್ಟು 7 ತಿಂಗಳಾಯಿತು. ಡಾಕ್ಟರ್ ಕೊಟ್ಟ ಗುಳಿಗೆ ದಿನಾ ತೆಗೆದುಕೊಳ್ಳುತ್ತಾರೆ. ಅದರ ಮೇಲೆ ಕುಡಿದರೆ ಜೀವಕ್ಕೆ ಅಪಾಯ ಅಂತ ಮೊದಲೇ ಹೇಳಿದ್ದಾರೆ. ಗುರುವಾರ ನಾದಿನಿಯ ಮಗನ ಜವಳ ಮುಗಿಸಿ 11 ಮಂದಿ ಊಟಕ್ಕೆ ಹೋದೆವು. ಬಿಸಿಲು, ಮಕ್ಕಳ ಹಟ. ಎಲ್ಲರಿಗೂ ವರ್ಜಿನ್ ಮೊಹಿತೊ, ಅಂದರೆ ದಾರೂ ಇಲ್ಲದ ಪುದೀನಾ-ಲಿಂಬು ಪಾನೀಯ, ಹೇಳಿದೆವು. 'ಇದರಲ್ಲಿ ದಾರೂ ಇರುವುದಿಲ್ಲ ಅಲ್ವಾ?' ಅಂತ ನಾನೇ ಎರಡು ಸಲ ಕೇಳಿದೆ. ಇಲ್ಲ ಅಂದರು. ನಮ್ಮವರು ಅರ್ಧ ಗ್ಲಾಸ್ ಕುಡಿದರು. ಕಾಲು ಗಂಟೆಯಲ್ಲಿ ಮುಖ ಕೆಂಪಾಯಿತು, ಎದೆ ಡವಡವ, ವಾಂತಿ ಮೇಲೆ ವಾಂತಿ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಒಂದು ರಾತ್ರಿ ಇಟ್ಟುಕೊಂಡರು. ಪಕ್ಕದ ಟೇಬಲ್ಲಿಗೆ ಹೋಗಬೇಕಿದ್ದ ಗ್ಲಾಸ್ ನಮಗೆ ಬಂದಿತ್ತು ಅಂತ ಆಮೇಲೆ ಒಪ್ಪಿಕೊಂಡರು. ಈಗ ಮ್ಯಾನೇಜರ್ ಫೋನ್ ಮಾಡಿ 5,000 ರೂಪಾಯಿ ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಹಾಕಿ ಅನ್ನುತ್ತಿದ್ದಾರೆ. ನಾಳೆ ಮನೆಗೆ ಬರುತ್ತಾರಂತೆ. ಬಿಲ್ ಕೊಟ್ಟದ್ದು ನನ್ನ ಮೈದುನ. ನಮಗೆ ಕೇಳುವ ಹಕ್ಕು ಇದೆಯಾ?

ವಕೀಲರು: ಅಕ್ಕಾ, ಬರೆದದ್ದು ಒಳ್ಳೆಯದಾಯಿತು. ಉಳಿದವರು ಸ್ವಲ್ಪ ತಾಳಿ, ಇದಕ್ಕೆ ಮೊದಲು ಉತ್ತರ ಕೊಡುತ್ತೇನೆ.

ಕಾನೂನಿಗಿಂತ ಮೊದಲು ಎರಡು ಮಾತು. ಒಂದು, ಗುಳಿಗೆ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ ಗುರುವಾರ ಆದದ್ದು ತಿಳಿಸಿದ್ದೀರಾ? ಇಲ್ಲದಿದ್ದರೆ ಈಗಲೇ ತಿಳಿಸಿ. ಏಳು ತಿಂಗಳು ಹಿಡಿದಿಟ್ಟ ನಾಲಿಗೆಗೆ ಮತ್ತೆ ರುಚಿ ತಾಗಿದೆ. ಅವರು ಬಾಯಿ ಬಿಟ್ಟು ಹೇಳದೇ ಇರಬಹುದು. ಡಾಕ್ಟರ್ ಸಿಗದಿದ್ದರೆ ಕುಡಿತ ಬಿಡಿಸುವ ಸರ್ಕಾರಿ ಸಹಾಯವಾಣಿ 14446 ಇದೆ, ದುಡ್ಡು ಹತ್ತುವುದಿಲ್ಲ. ಎರಡು, ಉಳಿದ ಹತ್ತು ಗ್ಲಾಸಿನಲ್ಲಿ ಏನಿತ್ತು? ಮಕ್ಕಳು ಏನು ಕುಡಿದರು? ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಇನ್ನು ಹಕ್ಕಿನ ಮಾತು. ಹಕ್ಕು ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ಅಂದರೆ ರೊಕ್ಕ ಕೊಟ್ಟವನು ಮಾತ್ರ ಅಲ್ಲ. ಅವನ ಒಪ್ಪಿಗೆಯಿಂದ ಉಂಡವನು, ಕುಡಿದವನು ಸಹ ಗ್ರಾಹಕನೇ. ಹಾಗಾಗಿ ಬಿಲ್ ಮೈದುನ ಕೊಟ್ಟರೂ ಅರ್ಜಿದಾರರು ನಿಮ್ಮ ಯಜಮಾನರೇ ಆಗಬಹುದು. ಈ ಪ್ರಶ್ನೆ ಹೊಸದಲ್ಲ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಲ್ಲಿ ಮೇ ಡೊನೊಹ್ಯೂ ಎಂಬ ಹೆಂಗಸಿಗೆ ಗೆಳತಿಯೊಬ್ಬರು ಶುಂಠಿ ಬಿಯರ್ ಎಂಬ ತಂಪು ಪಾನೀಯ ಕೊಡಿಸಿದರು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು ಎಂಬುದು ಆಕೆಯ ದೂರು. 'ನೀನು ದುಡ್ಡೇ ಕೊಟ್ಟಿಲ್ಲ' ಎಂಬ ವಾದ ಎದ್ದಿತು. 1932ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತಿ ದೊಡ್ಡ ಕೋರ್ಟ್) ಆ ವಾದ ಒಪ್ಪಲಿಲ್ಲ. ತಯಾರಿಸಿದವನಿಗೆ ಕುಡಿಯುವವರ ಬಗ್ಗೆ ಎಚ್ಚರ ಇರಬೇಕು ಅಂದಿತು. ಕಾನೂನು ಓದುವ ಪ್ರತಿ ಹುಡುಗ, ಹುಡುಗಿ ಇವತ್ತಿಗೂ ಮೊದಲ ವರ್ಷದಲ್ಲೇ ಓದುವ ಕೇಸ್ ಅದು.

ಹೋಟೆಲಿನವರು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ. 'ಆರೋಗ್ಯವಂತ ಮನುಷ್ಯನಿಗೆ ಅಷ್ಟರಲ್ಲಿ ಏನೂ ಆಗುತ್ತಿರಲಿಲ್ಲ. ಗುಳಿಗೆ ತೆಗೆದುಕೊಳ್ಳುವುದು ನಮಗೇನು ಗೊತ್ತು?' ಇದು ನಡೆಯುವ ವಾದವಲ್ಲ. ಎದುರಿಗೆ ಕೂತವನ ಮೈ ಹೇಗಿದೆಯೋ ಹಾಗೆಯೇ ಹೊಣೆ ಬರುತ್ತದೆ. ಮೇಲಾಗಿ ನೀವು ದಾರೂ ಇರುವುದಿಲ್ಲ ಅಲ್ವಾ ಅಂತ ಎರಡು ಸಲ ಕೇಳಿದ್ದೀರಿ. ನಿಮ್ಮ ಕೇಸಿನ ಜೀವ ಇರುವುದು ಆ ಮಾತಿನಲ್ಲಿ. ಅದನ್ನು ಕೇಳಿಸಿಕೊಂಡವರ ಹೆಸರು ಇವತ್ತೇ ಬರೆದಿಡಿ.

ಈಗ ಕೆಲಸ. ಬಿಲ್, ಮೈದುನರು ದುಡ್ಡು ಕಳಿಸಿದ ಮೆಸೇಜ್, ಗುಳಿಗೆಯ ಚೀಟಿ, ಡಿಸ್ಚಾರ್ಜ್ ಕಾಗದ ಒಂದೆಡೆ ಇಡಿ. ಆಸ್ಪತ್ರೆಯಲ್ಲಿ ರಕ್ತ ತೆಗೆದಿದ್ದರೆ ಆ ರಿಪೋರ್ಟ್ ಕೇಳಿ ಪಡೆಯಿರಿ. ಯಾರಾದರೂ ವಿಡಿಯೋ ಮಾಡಿದ್ದರೆ ಅದೇ ಫೋನಿನಲ್ಲಿ ಇರಲಿ, ಅಳಿಸಬೇಡಿ. ಸಿಸಿಟಿವಿ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಗುರುವಾರ ಮಧ್ಯಾಹ್ನದ ದೃಶ್ಯ ಉಳಿಸಿಡಿ ಅಂತ ಎರಡು ಸಾಲಿನ ಪತ್ರ ಬರೆದು ನಾಳೆ ಬೆಳಿಗ್ಗೆಯೇ ಸ್ಪೀಡ್ ಪೋಸ್ಟ್ ಮಾಡಿ. ಮ್ಯಾನೇಜರ್ ನಂಬರಿಗೆ ವಾಟ್ಸ್ಆ್ಯಪ್ ಸಹ ಮಾಡಿ.

ಸಹಿ ಮಾತ್ರ ಹಾಕಬೇಡಿ. ಆ ಕಾಗದದಲ್ಲಿ 'ಇನ್ನು ಯಾವ ತಕರಾರೂ ಇಲ್ಲ' ಎಂಬ ಸಾಲು ಖಂಡಿತ ಇರುತ್ತದೆ. ರಾಜಿ ತಪ್ಪು ಅನ್ನುತ್ತಿಲ್ಲ, ದೂರು ಕೇಳುವ ಗ್ರಾಹಕ ಆಯೋಗವೇ ಮಧ್ಯಸ್ಥಿಕೆಗೆ ಕಳಿಸುತ್ತದೆ. ಆದರೆ ಆಸ್ಪತ್ರೆಯ ಖರ್ಚು ಎಷ್ಟು, ಮುಂದೆ ಔಷಧ ಎಷ್ಟು ಅಂತ ಲೆಕ್ಕ ಆಗದೆ ಯಾವ ರಾಜಿ?

ಆಳಂದ ಸದಸ್ಯ: ಕುಡಿತ ಬಿಟ್ಟವರನ್ನು ಬಾರ್ ಇರುವ ಹೋಟೆಲಿಗೆ ಒಯ್ದದ್ದೇ ತಪ್ಪು. ಇದನ್ನೂ ಹೇಳಿ ಮೇಡಂ.

ಶಹಾಬಾದ್ ಸದಸ್ಯೆ: ಅಣ್ಣಾ, ಫ್ಯಾಮಿಲಿ ರೆಸ್ಟೋರೆಂಟ್ ಅಂತ ಬೋರ್ಡ್ ಹಾಕಿರುತ್ತಾರೆ. ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಹೋಗುವುದು ಸಹ ತಪ್ಪಾ?

ಆಳಂದ ಸದಸ್ಯ: ನಾನು ನಿಮ್ಮನ್ನು ಕೇಳಿಲ್ಲ.

ವಕೀಲರು: ನಾನು ಹೇಳುವುದಿಲ್ಲ, ಏಕೆಂದರೆ ಅದು ತಪ್ಪಲ್ಲ. ಆ ಅಕ್ಕ ಕೇಳಿದ್ದು ಹಕ್ಕಿನ ಬಗ್ಗೆ.

ಸ್ಟೇಷನ್ ಬಜಾರ್ ಸದಸ್ಯ (ಹೋಟೆಲ್ ನಡೆಸುವವರು): ನಮ್ಮ ಕಡೆಯಿಂದಲೂ ಒಂದು ಮಾತು. ವೇಟರ್ ಆರ್ಡರ್ ಬರೆದುಕೊಂಡು ಕೆಒಟಿ, ಅಂದರೆ ಆರ್ಡರ್ ಚೀಟಿ, ಹರಿಯುತ್ತಾನೆ. ಅಡುಗೆಮನೆಗೆ ಒಂದು, ಬಾರ್ ಕೌಂಟರಿಗೆ ಇನ್ನೊಂದು. ಮೊಹಿತೊ ಎರಡೂ ಒಂದೇ ಗ್ಲಾಸ್, ಒಂದೇ ಪುದೀನಾ, ಒಂದೇ ಲಿಂಬು. ಒಂದರಲ್ಲಿ ರಮ್ ಇರುತ್ತದೆ, ಇನ್ನೊಂದರಲ್ಲಿ ಇಲ್ಲ. ಟ್ರೇ ಮೇಲೆ ಇಟ್ಟರೆ ಮಾಡಿದವನಿಗೇ ಗುರುತು ಹತ್ತುವುದಿಲ್ಲ. ಮದುವೆ ಸೀಸನ್‌ನಲ್ಲಿ ಹುಡುಗರು 14 ತಾಸು ನಿಲ್ಲುತ್ತಾರೆ. ಎಲ್ಲದಕ್ಕೂ ಕೇಸ್ ಅಂದರೆ ಬಾಗಿಲು ಹಾಕಬೇಕಾಗುತ್ತದೆ.

ವಕೀಲರು: ನೀವು ಹೇಳಿದ್ದು ಕೆಲಸಕ್ಕೆ ಬರುವ ಮಾಹಿತಿ. ಅಕ್ಕಾ, ಆ ಟೇಬಲ್ಲಿನ ಕೆಒಟಿಯನ್ನೂ ಪತ್ರದಲ್ಲಿ ಕೇಳಿ. ಬಾರ್ ಕೌಂಟರಿನ ಚೀಟಿಯಲ್ಲಿ ಯಾವ ಟೇಬಲ್ ನಂಬರ್ ಇದೆ ಎಂಬುದು ಎಲ್ಲ ಹೇಳಿಬಿಡುತ್ತದೆ. ಆದರೆ ಸರ್, ಗುರುತು ಹತ್ತುವುದಿಲ್ಲ ಅಂತ ಗೊತ್ತಿದ್ದ ಮೇಲೆ ಗುರುತು ಮಾಡುವ ಕೆಲಸ ಯಾರದು? ರಮ್ ಇರುವುದಕ್ಕೆ ಬೇರೆ ಬಣ್ಣದ ಸ್ಟ್ರಾ ಹಾಕಿದರೆ ಎಷ್ಟು ಖರ್ಚು? ಹುಡುಗನನ್ನು 14 ತಾಸು ನಿಲ್ಲಿಸಿದ್ದು ನಿಮ್ಮ ಪರವಾದ ವಾದ ಅಲ್ಲ. ಅವನ ತಪ್ಪಿಗೂ ಮಾಲೀಕರೇ ಹೊಣೆ. ಅವನ ಸಂಬಳ ಹಿಡಿದು ಕೈ ತೊಳೆದುಕೊಳ್ಳುವಂತಿಲ್ಲ.

ಸ್ಟೇಷನ್ ಬಜಾರ್ ಸದಸ್ಯ: ಸ್ಟ್ರಾ ಮಾತು ಒಪ್ಪಿದೆ. ಉಳಿದದ್ದು ಒಪ್ಪುವುದಿಲ್ಲ.

ಚಿತ್ತಾಪುರ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ. 'ತಪ್ಪಿ ದಾರೂ ಒಳಗೆ ಹೋದರೆ ಕೂಡಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ. ಮೇಲೆ ಮಜ್ಜಿಗೆಗೆ ಲಿಂಬು ಹಿಂಡಿ ಕೊಡಿ. 5 ನಿಮಿಷದಲ್ಲಿ ಇಳಿಯುತ್ತದೆ. ಎಲ್ಲರಿಗೂ ಕಳಿಸಿ.'

ವಕೀಲರು: ಕಳಿಸಬೇಡಿ. ದಯವಿಟ್ಟು ಅಳಿಸಿ. ಎಚ್ಚರ ತಪ್ಪುತ್ತಿರುವವನ ಬಾಯಿಗೆ ಏನು ಹಾಕಿದರೂ ಉಸಿರಿನ ನಾಳಕ್ಕೆ ಹೋಗುವ ಅಪಾಯ ಇದೆ. 108ಕ್ಕೆ ಫೋನ್ ಮಾಡಬೇಕು. ಗುಂಪಿನಲ್ಲಿ ನರ್ಸ್ ಒಬ್ಬರಿದ್ದಾರಲ್ವಾ, ಆ ಗುಳಿಗೆ ಬಗ್ಗೆ ಅವರೇ ಹೇಳಲಿ.

ಬ್ರಹ್ಮಪುರ ಸದಸ್ಯೆ (ನರ್ಸ್): ಆ ಅಕ್ಕ ಹೇಳಿದ ಲಕ್ಷಣ ನೋಡಿದರೆ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಗುಳಿಗೆ ಇರಬೇಕು, ಚೀಟಿ ನೋಡಿಕೊಳ್ಳಿ. ದಾರೂ ಮೈಯಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷದಂಥ ವಸ್ತು ಆಗುತ್ತದೆ. ಅದು ಮುಂದೆ ಕರಗದಂತೆ ಈ ಗುಳಿಗೆ ತಡೆಯುತ್ತದೆ. ಹಾಗಾಗಿ ಸ್ವಲ್ಪ ಕುಡಿದರೂ ಮುಖ ಕೆಂಪಾಗಿ, ಎದೆ ಬಡಿತ ಏರಿ, ಬಿಪಿ ಇಳಿಯಬಹುದು. ಗುಳಿಗೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಹೀಗಾಗಬಹುದು. ಮಜ್ಜಿಗೆಯಿಂದ ಇಳಿಯುವುದಲ್ಲ ಇದು.

ಚಿತ್ತಾಪುರ ಸದಸ್ಯ: ಒಳ್ಳೆಯದಾಗಲಿ ಅಂತ ಹಾಕಿದೆ, ಸಿಟ್ಟು ಯಾಕೆ? ಇದನ್ನಾದರೂ ನೋಡಿ. 'ಹೊಸ ಕಾನೂನು: ಹೋಟೆಲ್ ತಪ್ಪು ಆರ್ಡರ್ ತಂದರೆ ಇಡೀ ಊಟ ಪುಕ್ಕಟೆ, 10 ಲಕ್ಷ ಪರಿಹಾರ.'

ವಕೀಲರು: ಅಂಥ ಕಾನೂನು ಇಲ್ಲ. ಈ ಫಾರ್ವರ್ಡ್ ಗುಂಪಿನಲ್ಲಿ ಮೂರನೇ ಸಲ ಬರುತ್ತಿದೆ. ಇದನ್ನು ನಂಬಿ ಬಿಲ್ ಕೊಡದೆ ಎದ್ದು ಹೋದರೆ ಜಗಳ ನಿಮ್ಮ ತಲೆಗೆ ಬರುತ್ತದೆ. ಇರುವುದನ್ನು ಹೇಳುತ್ತೇನೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 65ನೇ ಕಲಂನಲ್ಲಿ, ತಿಂದದ್ದರಿಂದ ಜೀವ ಹೋದರೆ ಕಡಿಮೆ ಅಂದರೂ 5 ಲಕ್ಷ, ಭಾರೀ ಗಾಯಕ್ಕೆ 3 ಲಕ್ಷದವರೆಗೆ, ಉಳಿದದ್ದಕ್ಕೆ 1 ಲಕ್ಷದವರೆಗೆ ಪರಿಹಾರ ಇದೆ. ಗ್ರಾಹಕ ಆಯೋಗದಲ್ಲಿ ಆದ ನಷ್ಟ, ಪಟ್ಟ ಕಷ್ಟ ತೋರಿಸಿದಷ್ಟು. ಸಿಹಿ ಸೋಡಾಕ್ಕೆ ಲಕ್ಷ ಬರುವುದಿಲ್ಲ.

ಅಫಜಲಪುರ ಸದಸ್ಯ: ಕೇಸ್ ಹಾಕಲು ಫೀ ಎಷ್ಟು? ವಕೀಲರು ಬೇಕೇ ಬೇಕಾ?

ವಕೀಲರು: ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀ ಇಲ್ಲ. ಲೆಕ್ಕಕ್ಕೆ ಹಿಡಿಯುವುದು ಬಿಲ್ಲಿನ ಮೊತ್ತ, ಕೇಳುವ ಪರಿಹಾರ ಅಲ್ಲ. ವಕೀಲರು ಬೇಕೆಂದಿಲ್ಲ, ನೀವೇ ನಿಂತು ಹೇಳಬಹುದು. ಘಟನೆಯಾಗಿ 2 ವರ್ಷದೊಳಗೆ ಹಾಕಬೇಕು. ಊಟ ಮಾಡಿದ್ದು ಹೈದರಾಬಾದಿನಲ್ಲಿ ಆದರೂ ನೀವಿರುವ ಜಿಲ್ಲೆಯ ಆಯೋಗದಲ್ಲೇ ಹಾಕಬಹುದು. ಮೊದಲು ಮಾತಲ್ಲಿ ಬಗೆಹರಿಯುತ್ತದಾ ನೋಡಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಕಮಲಾಪುರ ಸದಸ್ಯ: ಸರ್ವಿಸ್ ಚಾರ್ಜ್ ಕೊಡಲೇಬೇಕಾ ಮೇಡಂ?

ವಕೀಲರು: ಕಡ್ಡಾಯ ಅಲ್ಲ.

ಶಹಾಬಾದ್ ಸದಸ್ಯೆ: ನನ್ನ ಮಗಳಿಗೆ ಹಾಲು ಆಗುವುದಿಲ್ಲ. ಮೈ ತುಂಬ ದದ್ದು ಬಂದು ಉಸಿರು ಕಟ್ಟುತ್ತದೆ. ಹಾಲಿಲ್ಲದ ಜ್ಯೂಸ್ ಅಂತ ಹೇಳಿದರೂ ಮಿಲ್ಕ್‌ಶೇಕ್ ಮಾಡಿದ ಮಿಕ್ಸಿಯಲ್ಲೇ ತಿರುವಿ ಕೊಡುತ್ತಾರೆ. ಇದಕ್ಕೂ ಹೊಣೆ ಇದೆಯಾ?

ವಕೀಲರು: ಇದೆ, ನೀವು ಮುಂಚೆ ಹೇಳಿದ್ದರೆ. 'ಹಾಲು ಬೇಡ' ಅಂದರೆ ರುಚಿಗೆ ಬೇಡ ಅಂದುಕೊಳ್ಳುತ್ತಾರೆ. 'ಹಾಲು ತಾಗಿದರೆ ಮಗುವಿನ ಉಸಿರು ಕಟ್ಟುತ್ತದೆ, ಮಿಕ್ಸಿ ತೊಳೆದು ಮಾಡಿ' ಅಂತ ಪೂರ್ತಿ ಹೇಳಿ. ಆಗುವುದಿಲ್ಲ ಅಂದರೆ ಎದ್ದು ಬನ್ನಿ. ಕೇಸ್ ಗೆಲ್ಲುವುದಕ್ಕಿಂತ ಮಗು ಮುಖ್ಯ.

ಆಳಂದ ಸದಸ್ಯ: ಮಗುವಿಗೆ ಅಷ್ಟು ತೊಂದರೆ ಇದ್ದರೆ ಮನೆಯಲ್ಲೇ ಮಾಡಿ ಕೊಡಬೇಕು. ಎಲ್ಲ ಹೋಟೆಲಿನವರ ಮೇಲೆಯೇ ಹಾಕಿದರೆ ಹೇಗೆ?

ಶಹಾಬಾದ್ ಸದಸ್ಯೆ: ನಿಮ್ಮ ಮನೆಯಲ್ಲಿ ಅಂಥ ಮಗು ಇದ್ದಿದ್ದರೆ ಗೊತ್ತಾಗುತ್ತಿತ್ತು. ಎರಡನೇ ಸಲ ಹೀಗೆ ಬರೆಯುತ್ತಿದ್ದೀರಿ.

ಸ್ಟೇಷನ್ ಬಜಾರ್ ಸದಸ್ಯ: ಅವರು ಹೇಳಿದ್ದರಲ್ಲಿ ಅರ್ಥ ಇದೆ. 30 ರೂಪಾಯಿ ಜ್ಯೂಸ್‌ಗೆ ಆಸ್ಪತ್ರೆಯ ಜವಾಬ್ದಾರಿ ಹೊರು ಅಂದರೆ?

ಬ್ರಹ್ಮಪುರ ಸದಸ್ಯೆ: 2024ರಲ್ಲಿ ಗುರುಗ್ರಾಮದ ಕೆಫೆಯೊಂದರಲ್ಲಿ ಊಟ ಆದ ಮೇಲೆ ಮೌತ್ ಫ್ರೆಶ್ನರ್ ಅಂತ ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಕೊಟ್ಟು ಐದು ಮಂದಿ ರಕ್ತ ವಾಂತಿ ಮಾಡಿಕೊಂಡರು. ಅದಂತೂ ಪುಕ್ಕಟೆ ಕೊಟ್ಟದ್ದು. ಬೆಲೆ ಕಡಿಮೆ ಆದರೆ ಹೊಣೆ ಕಡಿಮೆ ಅನ್ನುತ್ತೀರಾ?

ಸ್ಟೇಷನ್ ಬಜಾರ್ ಸದಸ್ಯ: ಅದನ್ನೂ ಇದನ್ನೂ ಕೂಡಿಸಬೇಡಿ.

ಜೇವರ್ಗಿ ಸದಸ್ಯ: ಆ್ಯಪ್‌ನಲ್ಲಿ ಕೋಲ್ಡ್ ಕಾಫಿ ಹೇಳಿದರೆ ಲಸ್ಸಿ ಬಂತು. ಯಾರ ಮೇಲೆ ಹಾಕಬೇಕು?

ಅಫಜಲಪುರ ಸದಸ್ಯ: ಮನೆ ಬಾಡಿಗೆ ಅಡ್ವಾನ್ಸ್ ವಾಪಸ್ ಕೊಡುತ್ತಿಲ್ಲ, ಅದನ್ನೂ ಗ್ರಾಹಕ ಆಯೋಗದಲ್ಲಿ ಹಾಕಬಹುದಾ?

ವಕೀಲರು: ಆ್ಯಪ್‌ನಲ್ಲೇ ಫೋಟೊ ಹಾಕಿ ರಿಫಂಡ್ ಕೇಳಿ. ಆಳಂದದವರೇ, ಇನ್ನೊಬ್ಬರ ಮನೆಯ ಕಷ್ಟದ ಮೇಲೆ ತೀರ್ಪು ಕೊಡುವುದು ನಿಲ್ಲಿಸಿ. ನಿಲ್ಲಿಸದಿದ್ದರೆ ಅಡ್ಮಿನ್ ಅವರಿಗೆ ನಾನೇ ಹೇಳುತ್ತೇನೆ. ಸೇಡಂ ರಸ್ತೆಯ ಅಕ್ಕ ಇದ್ದಾರಾ? ಮಕ್ಕಳ ವಿಷಯ ಹೇಳಲಿಲ್ಲ.

ಸೇಡಂ ರಸ್ತೆಯ ಸದಸ್ಯೆ: ಇದ್ದೇನೆ ಮೇಡಂ. ಡಾಕ್ಟರ್ ಜೊತೆ ಮಾತಾಡಿ ಬಂದೆ, ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ ಅಂದರು. ಮಕ್ಕಳಿಗೆ ಏನೂ ಆಗಿಲ್ಲ. ಮೈದುನನ ಗ್ಲಾಸ್ ಸಹ ಕಹಿ ಇತ್ತಂತೆ. ಎರಡು ಗುಟುಕು ಕುಡಿದು ಇಟ್ಟನಂತೆ. ಅವತ್ತು ಗಡಿಬಿಡಿಯಲ್ಲಿ ನನಗೆ ಹೇಳಿರಲಿಲ್ಲ.

ವಕೀಲರು: ಹಾಗಿದ್ದರೆ ಎರಡು ಗ್ಲಾಸ್ ತಪ್ಪಿ ಬಂದಿವೆ, ಒಂದಲ್ಲ. ಮೈದುನರೇ ಸಾಕ್ಷಿ. ಮರೆಯುವ ಮೊದಲು ಅವರ ಕೈಯಲ್ಲೇ ಇವತ್ತಿನ ತಾರೀಕು ಹಾಕಿಸಿ ಬರೆಸಿಡಿ.

ಸೇಡಂ ರಸ್ತೆಯ ಸದಸ್ಯೆ: ಮೇಡಂ, ಹೋಟೆಲಿನವರು ನಾಳೆ ಅಂದವರು ಈಗಲೇ ಬಂದಿದ್ದಾರೆ. ಮೂರು ಮಂದಿ. ಹೊರಗೆ ಕೂತಿದ್ದಾರೆ. ನಮ್ಮವರು ಸಹಿ ಹಾಕಿ ಮುಗಿಸೋಣ ಅನ್ನುತ್ತಿದ್ದಾರೆ, ಊರಲ್ಲಿ ಹೆಸರು ಬರುತ್ತದೆ ಅಂತ ಅವರಿಗೆ ಸಂಕೋಚ.

ವಕೀಲರು: ಪೆನ್ ಮುಟ್ಟಬೇಡಿ. ನೀರು ಕೊಟ್ಟು ಕೂರಿಸಿ. ಕಾಗದದ ಫೋಟೊ ತೆಗೆದು ನನ್ನ ನಂಬರಿಗೆ ಹಾಕಿ, ಯಜಮಾನರಿಗೆ ಫೋನ್ ಕೊಡಿ, ನಾನೇ ಮಾತಾಡುತ್ತೇನೆ. ನಿಮ್ಮ ಯಜಮಾನರು ಮಾಡಿದ ತಪ್ಪು ಯಾವುದೂ ಇಲ್ಲ ಅಂತ ಮೊದಲು ಅವರಿಗೆ ಹೇಳಬೇಕು. ಉಳಿದವರ ಪ್ರಶ್ನೆ ಇವತ್ತು ಆಗುವುದಿಲ್ಲ.

ಕಮಲಾಪುರ ಸದಸ್ಯ: ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ ಅಂದರೆ, ಬಿಲ್ಲಿನಲ್ಲೇ ಸೇರಿಸಿದ್ದರೆ ಏನು ಮಾಡಬೇಕು ಮೇಡಂ?

ಶಹಾಬಾದ್ ಸದಸ್ಯೆ: ಅಣ್ಣಾ, ಈಗ ಬೇಡ.