ಪದಚರ್ಚೆ: ಹೈಬ್ರಿಡ್ ಸೂಪರ್‌ಕಾರಿಗೆ ಕನ್ನಡದಲ್ಲಿ ಏನೆನ್ನಬೇಕು? ನಾಳೆ ಮಧ್ಯಾಹ್ನದೊಳಗೆ ಬೇಕು

ಹುಬ್ಬಳ್ಳಿಯಿಂದ (ಪ್ರಶ್ನೆ)

ಬಲ್ಲವರಿಗೆ ನಮಸ್ಕಾರ. ನಮ್ಮ ಕಾಲೇಜಿನ ವಾಹನಾಸಕ್ತರ ಕೂಟ ಈ ಶನಿವಾರ ಒಂದು ಪ್ರದರ್ಶನ ಇಟ್ಟುಕೊಂಡಿದೆ. ಹತ್ತು ಅಡಿಯ ಫಲಕವನ್ನು ಪೂರ್ತಿ ಕನ್ನಡದಲ್ಲೇ ಬರೆಯಬೇಕೆಂದು ಹಟ ಹಿಡಿದವನು ನಾನು. ನಾಳೆ ಮಧ್ಯಾಹ್ನ ದುರ್ಗದಬೈಲಿನ ಮುದ್ರಕರಿಗೆ ಬರಹ ತಲುಪಬೇಕು.

ವಿಷಯ ಇಟಲಿಯ ಕಾರು ಕಂಪನಿ ಲ್ಯಾಂಬೊರ್ಗಿನಿಯ ಟೆಮೆರಾರಿಯೊ. 2024ರ ಆಗಸ್ಟ್‌ನಲ್ಲಿ ಅದರ ಮೇಲಿನ ತೆರೆ ಸರಿದಾಗಿನಿಂದ ನಮ್ಮ ಹುಡುಗರು ಅದರ ಹಾದಿ ಕಾಯುತ್ತಿದ್ದಾರೆ. ಆರು ಕೋಟಿ ರೂಪಾಯಿಯ ಕಾರು, ಕೊಳ್ಳುವ ಮಾತೇ ಇಲ್ಲ. ಬೆಂಗಳೂರಿಗೆ ಹೋದಾಗ ಒಮ್ಮೆ ಕಣ್ಣಿಗೆ ಬಿದ್ದರೆ, ಅದಕ್ಕಿಂತ ಹೆಚ್ಚಾಗಿ ಕಿವಿಗೆ ಬಿದ್ದರೆ ಸಾಕು ಎಂಬ ಆಸೆ. 2003ರ ಗಲ್ಲಾರ್ಡೊದಿಂದ ಹುರಾಕಾನ್‌ವರೆಗೆ ಈ ಸಾಲಿನ ಕಾರುಗಳಿಗೆ ಇದ್ದದ್ದು ಹತ್ತು ಸಿಲಿಂಡರಿನ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ, ಸ್ವಂತ ಉಸಿರಿನ ಎಂಜಿನ್. ಅದರ ಕೂಗಿಗೇ ನಾವು ಒಲಿದದ್ದು. ಈಗ ಎಂಟು ಸಿಲಿಂಡರು, ನಾಲ್ಕು ಲೀಟರು, ಎರಡು ಟರ್ಬೊ, ಅದರ ಜೊತೆಗೆ ಮೂರು ವಿದ್ಯುತ್ ಮೋಟರು. ಒಟ್ಟು 920 ಅಶ್ವಶಕ್ತಿ, ಎಂಜಿನ್ ನಿಮಿಷಕ್ಕೆ 10,000 ಸುತ್ತಿನವರೆಗೆ ತಿರುಗುತ್ತದೆ. ಲೆಕ್ಕದಲ್ಲಿ ಶಕ್ತಿ ಹೆಚ್ಚೇ. ಆದರೆ ಇದು ಅದೇ ಮನೆತನದ ಕಾರೇ ಎಂಬ ಅಳುಕು ನಮ್ಮಲ್ಲಿದೆ. ಫಲಕದಲ್ಲಿ ಆ ಅಳುಕನ್ನೇ ಹೇಳಬೇಕು.

ಎರಡು ಪದ ಬೇಕು. ಒಂದು, ಹೈಬ್ರಿಡ್‌ಗೆ. ‘ಮಿಶ್ರತಳಿ’ ಎಂದರೆ ಬೀಜದ ಪೊಟ್ಟಣ ನೆನಪಾಗುತ್ತದೆ. ಇನ್ನೊಂದು, ಒಂದೇ ಹೆಸರಿನಡಿ ಬರುವ ಕಾರುಗಳಿಗೆಲ್ಲ ಇರುವ, ಈಗ ಬದಲಾಗುತ್ತಿರುವ ಆ ಗುಣಕ್ಕೆ. ‘ಬ್ರ್ಯಾಂಡ್ ವ್ಯಕ್ತಿತ್ವ’ ಎಂದು ಬರೆದು ಹೊಡೆದುಹಾಕಿದ್ದೇನೆ.

ಧಾರವಾಡದಿಂದ

ಇಕ್ಕಸುವಿನ ಬಂಡಿ. ಇಬ್ಬಗೆ, ಇಮ್ಮಡಿ, ಇತ್ತಂಡ ಆದಂತೆ ಇರ್ ಎಂಬುದು ಕಸುವಿನ ಜೊತೆ ಸೇರಿ ಇಕ್ಕಸುವು ಆಗುತ್ತದೆ. ಒಂದು ಕಸುವು ಎಣ್ಣೆಯದು, ಇನ್ನೊಂದು ಮಿಂಚಿನದು. ‘ಇಬ್ಬಲ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಬಲ ಸಂಸ್ಕೃತ, ಕನ್ನಡಕ್ಕೆ ಸಂಸ್ಕೃತ ಬೆರಸಿದರೆ ಅದು ಅರಿಸಮಾಸ, ಬೇಡ. ಕಾರು ಎಂಬ ಪದವೂ ಬೇಡ, ಬಂಡಿ ಇದೆ.

ಧಾರವಾಡದಿಂದ (ಇನ್ನೊಬ್ಬರು)

ಫಲಕ ಓದುವವನು ‘ಇಕ್ಕ’ ಎಂಬಲ್ಲೇ ನಿಂತು, ಏನನ್ನು ಇಕ್ಕುವುದು ಎಂದು ಕೇಳುತ್ತಾನೆ. ಬಂಡಿ ಎಂದರೆ ನಮ್ಮ ಕಡೆ ಎತ್ತು ಕಟ್ಟಿದ್ದು. ಸಿದ್ಧ ಪದ ಇರುವಾಗ ಹೊಸದನ್ನು ಕಟ್ಟುವುದು ಏಕೆ? ಸಂಕರ ಕಾರು ಎನ್ನಿ. ಸಂಕರ ತಳಿ, ಸಂಕರಣ ಎಲ್ಲ ಪಠ್ಯಪುಸ್ತಕದಲ್ಲಿವೆ.

ಗದಗದಿಂದ

ಸಂಕರ ಒಪ್ಪಲಾಗದು. ಆ ಪದದ ಹಿಂದೆ ವರ್ಣಸಂಕರದ ಬೈಗುಳ ನಿಂತಿದೆ. ಜಾತಿ ಬೆರೆತರೆ ಕುಲ ಕೆಡುತ್ತದೆ ಎಂದು ಹೆದರಿಸಲು ಬಳಸಿದ ಪದ ಅದು. ಹುಡುಗರು ಪ್ರೀತಿಯಿಂದ ಕಾಯುತ್ತಿರುವ ಕಾರಿಗೆ ಅದು ಬೇಡ.

ಇಕ್ಕಸುವಿನವರಿಗೆ ಒಂದು ಮಾತು. ಬೆರಸಬಾರದು ಎಂಬ ವಾದ ನಮ್ಮ ಜಿಲ್ಲೆಗೆ ಹೊಸದಲ್ಲ. ಮುಳಗುಂದದ ಕವಿ ನಯಸೇನ 12ನೆಯ ಶತಮಾನದಲ್ಲಿ ಇದನ್ನೇ ಹೇಳಿದ. ಸಂಸ್ಕೃತ ಬೇಕಿದ್ದರೆ ಪೂರ್ತಿ ಸಂಸ್ಕೃತದಲ್ಲಿ ಹೇಳಲಿ, ಶುದ್ಧಗನ್ನಡದೊಳಗೆ ಅದನ್ನು ತಂದಿಕ್ಕುವುದೇಕೆ, ತುಪ್ಪವನ್ನೂ ಎಣ್ಣೆಯನ್ನೂ ಬೆರಸಬಹುದೇ ಎಂದು ಕೇಳಿದ. ಆದರೆ ಆ ಪದ್ಯದಲ್ಲಿ ತುಪ್ಪಕ್ಕೆ ಅವನು ಬಳಸಿದ ಪದ ಘೃತ, ಎಣ್ಣೆಗೆ ಬಳಸಿದ್ದು ತೈಲ. ಬೆರಸಬೇಡಿ ಎನ್ನಲು ಅವನಿಗೂ ಬೆರಸಬೇಕಾಯಿತು. ನಾನು ಇದನ್ನು ಅವನ ತಪ್ಪೆಂದು ಎಣಿಸುವುದಿಲ್ಲ. ಕನ್ನಡ ಬದುಕಿದ್ದೇ ಹಾಗೆ.

ನನ್ನ ಸಲಹೆ ‘ಬೆರಕೆ’. ಇದಕ್ಕೆ ಆ ಕಂಪನಿಯೇ ಸಾಕ್ಷಿ. ಟೆಮೆರಾರಿಯೊಗಿಂತ ಮೊದಲು, 2023ರಲ್ಲಿ, ಹನ್ನೆರಡು ಸಿಲಿಂಡರಿನ ಎಂಜಿನ್ನಿಗೆ ಮೂರು ಮೋಟರು ಕೂಡಿಸಿ ತಂದ ಕಾರಿನ ಹೆಸರು ರೆವುಯೆಲ್ಟೊ. ಅದು ಒಂದು ಹೋರಿಯ ಹೆಸರೂ ಹೌದು, ಸ್ಪ್ಯಾನಿಷ್‌ನಲ್ಲಿ ‘ಕಲಸಿದ್ದು, ಬೆರೆತದ್ದು’ ಎಂಬ ಅರ್ಥದ ಪದವೂ ಹೌದು. ಅವರು ನಾಚಿಕೆಯಿಲ್ಲದೆ ಬೆರಕೆ ಎಂದು ಹೆಸರಿಟ್ಟಿರುವಾಗ ನಮಗೇಕೆ ಸಂಕೋಚ?

ಹಾವೇರಿಯಿಂದ

ಬೆರಕೆ ಬೇಡವೇ ಬೇಡ. ಕಲಬೆರಕೆ ಹಾಲು, ಕಲಬೆರಕೆ ಎಣ್ಣೆ. ಕಾರಿನ ಫಲಕದ ಮೇಲೆ ಬೆರಕೆ ಎಂದು ಕಂಡರೆ ಪೆಟ್ರೋಲಿಗೆ ಸೀಮೆಎಣ್ಣೆ ಬೆರಸಿದ್ದಾರೆ ಎಂದೇ ಜನ ತಿಳಿಯುತ್ತಾರೆ.

ಹೈಬ್ರಿಡ್ ಎಂದೇ ಬರೆಯಿರಿ. ಇದು ಪದ ಸಿಗದವನ ಸೋಲಿನ ಮಾತಲ್ಲ. ನಮ್ಮ ಮೂರ್ನಾಲ್ಕು ಜಿಲ್ಲೆಗಳಲ್ಲಿ ಹೈಬ್ರಿಡ್ ಐವತ್ತು ವರ್ಷ ಹೊಲದಲ್ಲಿ ದುಡಿದ ಪದ. ಧಾರವಾಡದಲ್ಲಿ ಹುಟ್ಟಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಂತು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ಹೈಬ್ರಿಡ್ ಅದು. ಆಮೇಲೆ ಜಯಲಕ್ಷ್ಮಿ ಬಂತು. ನಮ್ಮ ಹೆಣ್ಣುಮಕ್ಕಳು ಮಧ್ಯಾಹ್ನ ಮೊಗ್ಗಿನ ಕೇಸರ ಬಿಡಿಸಿ, ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪರಾಗ ಮುಟ್ಟಿಸಿ ಆ ಬೀಜ ಮಾಡಿದರು. ಆ ಕೂಲಿಯಿಂದ ಎಷ್ಟೋ ಮನೆಗಳು ನಡೆದವು. ನಮ್ಮವ್ವನೂ ಆ ಕೆಲಸ ಮಾಡಿದ್ದಾಳೆ. ಅವಳು ಓದಿದವಳಲ್ಲ, ಅವಳಿಗೆ ಹೈಬ್ರಿಡ್ ಪರಭಾಷೆಯ ಪದವಾಗಿರಲಿಲ್ಲ.

ಇನ್ನೂ ಮುಖ್ಯವಾದದ್ದು, ಆ ಪದಕ್ಕೆ ನಾವೇ ಎದುರುಪದ ಕೊಟ್ಟಿದ್ದೇವೆ: ಜವಾರಿ. ಜವಾರಿ ಸೌತೆ, ಜವಾರಿ ಬದನೆ, ಜವಾರಿ ಕೋಳಿ. ಹೈಬ್ರಿಡ್ ಎಂದರೆ ಇಳುವರಿ ಹೆಚ್ಚು, ರುಚಿ ಕಡಿಮೆ. ಜವಾರಿ ಬೀಜವನ್ನು ಮನೆಯಲ್ಲಿ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಮತ್ತೆ ಬರುತ್ತದೆ. ಹೈಬ್ರಿಡ್ ಬೀಜವನ್ನು ಎತ್ತಿಟ್ಟರೆ ಮರುವರ್ಷ ಗುಣ ಹಿಡಿದು ಬರುವುದಿಲ್ಲ. ಹುಬ್ಬಳ್ಳಿಯ ಗೆಳೆಯರು ಕೇಳುತ್ತಿರುವುದೂ ಇದನ್ನೇ ಅಲ್ಲವೇ? ಶಕ್ತಿ ಏರಿತು, ರುಚಿ ಉಳಿಯಿತೇ, ಗುಣ ಮುಂದಿನ ತಲೆಮಾರಿಗೆ ಇಳಿಯಿತೇ? ಇಕ್ಕಸುವು ಎಂದು ಬರೆದರೆ ಇದರಲ್ಲಿ ಒಂದೂ ಓದುಗನಿಗೆ ತಲುಪುವುದಿಲ್ಲ. ಹಳೆಯ ಹತ್ತು ಸಿಲಿಂಡರಿನ ಎಂಜಿನ್ನನ್ನು ಜವಾರಿ ಎಂಜಿನ್ ಎಂದು ಕರೆಯಿರಿ, ಗದಗಿನಿಂದ ರಾಣೆಬೆನ್ನೂರಿನವರೆಗೆ ಯಾರಿಗೂ ವಿವರಿಸಬೇಕಾಗಿಲ್ಲ.

ಒಂದು ಎಚ್ಚರಿಕೆ: ‘ತಳಿ’ ಎಲ್ಲಿಯೂ ಬರಬಾರದು. ಹತ್ತಿಯಲ್ಲಿ ಎರಡು ಸೇರಿ ಮೂರನೆಯದು ಹುಟ್ಟುತ್ತದೆ. ಕಾರಿನಲ್ಲಿ ಏನೂ ಹುಟ್ಟುವುದಿಲ್ಲ. ಎರಡು ಮೋಟರು ಮುಂದಿನ ಗಾಲಿಗಳಿಗೆ, ಒಂದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ. ಒಂದೇ ನೊಗಕ್ಕೆ ಹೆಗಲು ಕೊಟ್ಟರೂ ಎತ್ತುಗಳು ಬೇರೆ ಬೇರೆಯೇ.

ಧಾರವಾಡದಿಂದ (ಮೊದಲಿನವರು)

ಇಂದು ಹೈಬ್ರಿಡ್, ನಾಳೆ ಬ್ರ್ಯಾಂಡ್, ನಾಡಿದ್ದು ಕ್ರಿಯಾಪದ ಮಾತ್ರ ಕನ್ನಡದ್ದು. ಪ್ರತಿ ಸಲವೂ ‘ಜನ ಬಳಸುತ್ತಾರೆ’ ಎಂಬ ಒಂದೇ ನೆಪ. ಪದ ಕಟ್ಟದೆ ಜನ ಬಳಸುವುದು ಹೇಗೆ? ಲ್ಯಾಟಿನ್ನಿನಲ್ಲಿ ಆ ಪದದ ಮೂಲಾರ್ಥ ಊರಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿ. ಸಂಕರಕ್ಕೆ ಮೂಗು ಮುರಿದವರು ಇದನ್ನು ಹೇಗೆ ಒಪ್ಪುತ್ತಾರೆ?

ಗದಗದಿಂದ

ಒಪ್ಪುತ್ತೇನೆ, ಏಕೆಂದರೆ ಆ ಹಂದಿಮರಿ ಕನ್ನಡಕ್ಕೆ ಬರಲೇ ಇಲ್ಲ. ವರ್ಣಸಂಕರದ ನೋವು ಇಲ್ಲಿಯೇ ಇದೆ. ಪದದ ಜಾತಕಕ್ಕಿಂತ ಅದು ಇಲ್ಲಿ ಬಾಳಿದ ರೀತಿ ದೊಡ್ಡದು. ಹಾವೇರಿಯವರ ವಾದದ ಮುಂದೆ ನನ್ನ ‘ಬೆರಕೆ’ಯನ್ನು ಹಿಂತೆಗೆದುಕೊಂಡಿದ್ದೇನೆ.

ಎರಡನೆಯ ಪದವನ್ನು ಎಲ್ಲರೂ ಮರೆತಿರಿ. ‘ಜಾಯಮಾನ’ ಎನ್ನಿ. ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲ ಎಂದು ನಾವು ದಿನವೂ ಒಂದೊಂದು ಪದವನ್ನು ತಳ್ಳುತ್ತೇವಲ್ಲ, ಅದೇ ಪದ. ಸಂಸ್ಕೃತದಲ್ಲಿ ಅದರ ಅರ್ಥ ‘ಹುಟ್ಟುತ್ತಿರುವ’ ಎಂದು. ಹುಟ್ಟಿ ಮುಗಿದದ್ದು ಎಂದಲ್ಲ. ಕನ್ನಡದಲ್ಲಿ ಅದು ಹುಟ್ಟುಗುಣವಾಯಿತು. ಬದಲಾಗುತ್ತಿರುವ ಒಂದು ಗುಣವನ್ನು ಹೇಳಲು ಇದಕ್ಕಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ. ಫೆರುಚೊ ಲ್ಯಾಂಬೊರ್ಗಿನಿ ಮೊದಲು ಮಾಡಿದ್ದು ಟ್ರ್ಯಾಕ್ಟರು, ಕಾರಿನ ಕಂಪನಿ ತೆರೆದದ್ದು 1963ರಲ್ಲಿ. 1998ರಿಂದ ಅದು ಜರ್ಮನಿಯ ಆಡಿಯ ಕೈಯಲ್ಲಿದೆ. ಆ ಜಾಯಮಾನ ಮೊದಲಿನಿಂದಲೂ ಹುಟ್ಟುತ್ತಲೇ ಬಂದಿದೆ.

ಧಾರವಾಡದಿಂದ (ಇನ್ನೊಬ್ಬರು)

ಜಾಯಮಾನ ಚೆನ್ನಾಗಿದೆ. ಆದರೆ ಕಾರಿಗೆ ‘ಖದರು’ ಇನ್ನೂ ಹತ್ತಿರದ್ದು. ಅರಬ್ಬಿಯಿಂದ ಬಂದಿದೆ ಎಂದು ಯಾರೂ ಎದ್ದು ನಿಲ್ಲಬೇಡಿ.

ಹಾವೇರಿಯಿಂದ

ಖದರು ಹೊರಗೆ ಕಾಣುವುದು, ಜಾಯಮಾನ ಒಳಗಿರುವುದು. ದೀಪಾವಳಿಯ ಹೊತ್ತಿಗೆ ನಮ್ಮಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಒಂದೊಂದು ಹೋರಿಗೂ ಹೆಸರು, ಒಂದೊಂದಕ್ಕೂ ಅಭಿಮಾನಿಗಳು. ಕೊಬ್ಬರಿ ಸರ ಕಟ್ಟಿ ಬಿಟ್ಟಾಗ ಅದು ಓಡುವ ಗತ್ತನ್ನು ಹೊಗಳುತ್ತಾರೆ. ಆ ಹೋರಿಗೆ ವಯಸ್ಸಾಗಿ ಅದೇ ಮನೆಯವರು ಹೊಸದನ್ನು ತಂದರೆ ಊರೆಲ್ಲ ಕಾಯುತ್ತದೆ. ಸರ ಎಷ್ಟು ದೊಡ್ಡದು ಎಂದು ಆಗ ಯಾರೂ ನೋಡುವುದಿಲ್ಲ. ಜನರ ನಡುವೆ ನುಗ್ಗುವಾಗ ಇದು ತಲೆ ಎತ್ತುತ್ತದೆಯೋ ತಗ್ಗಿಸುತ್ತದೆಯೋ ಎಂದು ನೋಡುತ್ತಾರೆ. ಹುಬ್ಬಳ್ಳಿಯವರು ಕಾಯುತ್ತಿರುವುದೂ ಹೋರಿಯ ಹೆಸರಿನ ಕಾರನ್ನೇ. ಜಾಯಮಾನ ಇರಲಿ.

ಹುಬ್ಬಳ್ಳಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಮುದ್ರಣಕ್ಕೆ ಕಳುಹಿಸಿದ ಸಾಲು ಇದು: ‘ಜವಾರಿ ಎಂಜಿನ್ ಹೋಯಿತು, ಹೈಬ್ರಿಡ್ ಬಂತು. ಗೂಳಿಯ ಜಾಯಮಾನ ಉಳಿದೀತೆ?’ ಧಾರವಾಡದ ಹಿರಿಯರ ‘ಕಸುವು’ ಬಿಡಲು ಮನಸ್ಸಾಗಲಿಲ್ಲ. ಕೆಳಗಿನ ಪಟ್ಟಿಯಲ್ಲಿ ‘ಎಂಜಿನ್ನಿನ ಕಸುವು, ಮೋಟರಿನ ಕಸುವು’ ಎಂದು ಬೇರೆ ಬೇರೆ ಬರೆದಿದ್ದೇನೆ. ‘ಸ್ವಂತ ಉಸಿರಿನ ಎಂಜಿನ್’ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ, ಅದನ್ನೂ ಹಾಗೆಯೇ ಬಿಟ್ಟಿದ್ದೇನೆ.

ಧಾರವಾಡದಿಂದ (ಮೊದಲಿನವರು)

ಸ್ವಂತ ಸಂಸ್ಕೃತ. ‘ತನ್ನುಸಿರಿನ’ ಎಂದು ಮಾಡಿ, ಮುದ್ರಕರು ಇನ್ನೂ ಬಾಗಿಲು ಹಾಕಿರುವುದಿಲ್ಲ.

ಹುಬ್ಬಳ್ಳಿಯಿಂದ

ತನ್ನುಸಿರಿನ. ತುಂಬ ಚೆನ್ನಾಗಿದೆ. ಈಗಲೇ ಹೋಗಿ ತಿದ್ದಿಸುತ್ತೇನೆ.